ಎಣಿಸುವವರು ತೀರ್ಪುಗಾರರಲ್ಲ

ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಜನಮತಗಣನೆ ನಡೆದದ್ದು 2016ರ ಜೂನ್ 23ರಂದು. ಅದನ್ನು ನಡೆಸಿಕೊಟ್ಟ ಅಧಿಕಾರಿಗಳ ಮೇಲಿನ ದೂರುಗಳು ಇಂದಿಗೂ ನಿಂತಿಲ್ಲ. ಸೋತವರು ‘ಅವರು ಕೈಕಟ್ಟಿ ಕುಳಿತರು’ ಎನ್ನುತ್ತಾರೆ. ಗೆದ್ದವರಲ್ಲಿ ಕೆಲವರು ‘ಅವರ ಕೈ ಬಹಳ ಉದ್ದವಾಯಿತು’ ಎನ್ನುತ್ತಾರೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಪರರ ಮನೆಯ ಜಗಳವಲ್ಲ. ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದವರೂ ಅಂದು ಮತ ಹಾಕಬಹುದಿತ್ತು. ಅಲ್ಲೇ ದುಡಿಯುತ್ತಿದ್ದ ಫ್ರೆಂಚರಿಗೆ, ಜರ್ಮನರಿಗೆ ಆ ಹಕ್ಕು ಇರಲಿಲ್ಲ. ಮತ ಹಾಕಿಸುವ, ಎಣಿಸುವ ಕೆಲಸದ ಮೇಲೆ ಮುಖ್ಯ ಎಣಿಕೆ ಅಧಿಕಾರಿಗೆ ಪೂರ್ತಿ ಹಿಡಿತ ಇರಬೇಕು, ಅದರಾಚೆಗೆ ಇರಕೂಡದು ಎಂಬುದು ನನ್ನ ನಿಲುವು. ಆದ್ದರಿಂದ ಎರಡೂ ಕಡೆಯವರಿಗೆ ಉತ್ತರಿಸಬೇಕಾಗಿದೆ.

ಮೊದಲನೆಯ ಆಕ್ಷೇಪ ಕೆಂಪು ಬಸ್ಸಿನದು. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ ಎಂದು ಒಕ್ಕೂಟ ಬಿಡಬೇಕೆನ್ನುವವರು ಬಸ್ಸಿನ ಮೇಲೆ ಬರೆದು ಊರೂರು ಸುತ್ತಿಸಿದಾಗ ಮುಖ್ಯ ಎಣಿಕೆ ಅಧಿಕಾರಿ ಜೆನ್ನಿ ವಾಟ್ಸನ್ ಯಾಕೆ ತಡೆಯಲಿಲ್ಲ ಎಂದು ಕೇಳುತ್ತಾರೆ. ಆ ಅಂಕಿ ದಾರಿ ತಪ್ಪಿಸುವಂಥದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರ ಅದನ್ನು ಮತದಾನಕ್ಕೆ ಮುಂಚೆಯೇ ಬಹಿರಂಗವಾಗಿ ಹೇಳಿತ್ತು. ಹೇಳಬೇಕಾದ ಸಂಸ್ಥೆ ಅದೇ. ಆ ಕೆಲಸವನ್ನು ಎಣಿಕೆ ಅಧಿಕಾರಿಗೆ ವಹಿಸಿದರೆ ಏನಾಗುತ್ತದೆ? ಒಕ್ಕೂಟ ಬಿಟ್ಟರೆ 2030ರ ಹೊತ್ತಿಗೆ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 4,300 ಪೌಂಡ್ ನಷ್ಟ ಎಂದು ಖಜಾನೆ ಇಲಾಖೆ ಹಾಕಿದ ಲೆಕ್ಕವನ್ನೂ ಅವರೇ ತೂಗಬೇಕಾಗುತ್ತದೆ. ಅದು ಸುಳ್ಳೋ ಊಹೆಯೋ ರಾಜಕೀಯವೋ? ಯಾವ ಉತ್ತರ ಕೊಟ್ಟರೂ ಅರ್ಧ ದೇಶ ಅವರನ್ನು ಪಕ್ಷಪಾತಿ ಎನ್ನುತ್ತದೆ. ಹಾಗೆ ಅನ್ನಿಸಿಕೊಂಡವರು ಜೂನ್ 24ರ ಬೆಳಿಗ್ಗೆ ಮ್ಯಾಂಚೆಸ್ಟರ್ ಪುರಭವನದಲ್ಲಿ ನಿಂತು ಫಲಿತಾಂಶ ಓದಿದರೆ ನಂಬುವವರು ಯಾರು?

ಎರಡನೆಯದು ಮರುಎಣಿಕೆ. 51.9ಕ್ಕೆ 48.1 ಎಂಬಷ್ಟು ಕಡಿಮೆ ಅಂತರವಿದ್ದಾಗ ದೇಶವಿಡೀ ಮತ್ತೊಮ್ಮೆ ಎಣಿಸಬೇಕಿತ್ತು ಎಂಬ ವಾದ. ಶೇಕಡಾವಾರು ಬಿಟ್ಟು ಮತಗಳನ್ನೇ ನೋಡಿ: ಬಿಡಬೇಕೆಂದವರು 1,74,10,742, ಇರಬೇಕೆಂದವರು 1,61,41,241. ಅಂತರ ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು. ತಿರಸ್ಕೃತವಾದ ಮತಪತ್ರಗಳು 25,359. ಅವಷ್ಟನ್ನೂ ಒಂದೇ ಕಡೆಗೆ ಸುರಿದರೂ, ಅಂತರ ಅದರ ಐವತ್ತು ಪಟ್ಟು ಇದೆ. ಕಾನೂನಿನಲ್ಲಿ ದೇಶವ್ಯಾಪಿ ಮರುಎಣಿಕೆಗೆ ಅವಕಾಶವೇ ಇರಲಿಲ್ಲ. ಮತ ಎಣಿಸಿದ್ದು 382 ಕ್ಷೇತ್ರಗಳಲ್ಲಿ, ಅದರಲ್ಲಿ ಜಿಬ್ರಾಲ್ಟರ್ ಕೂಡ ಒಂದು. ಯಾವುದಾದರೂ ಕ್ಷೇತ್ರದ ಲೆಕ್ಕದಲ್ಲಿ ಅನುಮಾನಕ್ಕೆ ಕಾರಣ ಕಂಡರೆ ಅಲ್ಲಿ ಮತ್ತೆ ಎಣಿಸಬಹುದಿತ್ತು. ಅಂತರ ಕಡಿಮೆ ಎಂಬುದೊಂದೇ ಅನುಮಾನಕ್ಕೆ ಕಾರಣವಾಗದು. ಇದು ಕೊರತೆಯಲ್ಲ, ಸರಿಯಾದ ವ್ಯವಸ್ಥೆ. ತಪ್ಪು ಎಲ್ಲಿ ನಡೆದಿದೆಯೋ ಅಲ್ಲೇ, ಎರಡೂ ಕಡೆಯ ಏಜೆಂಟರ ಕಣ್ಣೆದುರೇ ಅದನ್ನು ತಿದ್ದಬೇಕು.

ಈಗ ಗೆದ್ದವರ ದೂರು. ಚುನಾಯಿತರಲ್ಲದ ಒಬ್ಬ ಅಧಿಕಾರಿ ದೇಶದ ಎಲ್ಲ ಎಣಿಕೆ ಅಧಿಕಾರಿಗಳಿಗೂ ಆದೇಶ ಹೊರಡಿಸುವುದು ಸರ್ವಾಧಿಕಾರವಂತೆ. ಇವರು 2010ರ ಸಾರ್ವತ್ರಿಕ ಚುನಾವಣೆಯನ್ನು ಮರೆತಿದ್ದಾರೆ. ಅಂದು ರಾತ್ರಿ ಹತ್ತು ಗಂಟೆಗೆ ಮತಗಟ್ಟೆಗಳ ಬಾಗಿಲು ಮುಚ್ಚಿದಾಗ ಸಾಲಿನಲ್ಲಿ ನಿಂತಿದ್ದವರು ಮತ ಹಾಕದೆ ಮರಳಿದರು. 27 ಮತಗಟ್ಟೆಗಳಲ್ಲಿ 1,200ಕ್ಕೂ ಹೆಚ್ಚು ಜನ. ಸ್ಥಳೀಯ ಅಧಿಕಾರಿಗಳಿಗೆ ಮಾರ್ಗದರ್ಶನ ಕೊಡಬಹುದಾಗಿದ್ದ ಚುನಾವಣಾ ಆಯೋಗಕ್ಕೆ ಆದೇಶ ಕೊಡುವ ಅಧಿಕಾರ ಇರಲಿಲ್ಲ. ಜನಮತಗಣನೆಯಲ್ಲಿ ಮುಖ್ಯ ಎಣಿಕೆ ಅಧಿಕಾರಿಗೆ ಆ ಅಧಿಕಾರವಿದೆ. ಇಡೀ ದೇಶಕ್ಕೆ ಒಂದೇ ಪ್ರಶ್ನೆ, ಒಂದೇ ಮೊತ್ತ ಎಂದಮೇಲೆ ಒಂದು ಊರಿನಲ್ಲಿ ಒಂದು ನಿಯಮ, ಪಕ್ಕದ ಊರಿನಲ್ಲಿ ಇನ್ನೊಂದು ಇರಲಾಗದು. ಇದು ಮತದಾರನ ಪರವಾದ ಅಧಿಕಾರ. ಇದನ್ನು ಕಿತ್ತುಕೊಂಡರೆ ನಷ್ಟ ಅಧಿಕಾರಿಗಲ್ಲ, ಸಾಲಿನಲ್ಲಿ ನಿಂತವರಿಗೆ.

ಮತದಾರರ ನೋಂದಣಿಯ ಗಡುವನ್ನು ವಿಸ್ತರಿಸಿ ಅಧಿಕಾರಿಗಳು ಒಂದು ಬಣಕ್ಕೆ ನೆರವಾದರು ಎನ್ನುವವರಿಗೆ ಉತ್ತರ ಚಿಕ್ಕದು. ಜೂನ್ 7ರ ರಾತ್ರಿ ನೋಂದಣಿಯ ಜಾಲತಾಣ ಕುಸಿದಾಗ ಗಡುವನ್ನು ಜೂನ್ 9ರವರೆಗೆ ಮುಂದೂಡಿದ್ದು ಸರ್ಕಾರ ಮತ್ತು ಸಂಸತ್ತು. ಪ್ರಶ್ನೆಯ ಮಾತುಗಳೂ ಹಾಗೆಯೇ. ‘ಹೌದು–ಇಲ್ಲ’ ಮಾದರಿ ಒಂದು ಕಡೆಗೆ ವಾಲಬಹುದು, ಎರಡೂ ಆಯ್ಕೆಗಳನ್ನು ಹೆಸರಿಸಿ ಎಂದು ಆಯೋಗ ಜನರ ನಡುವೆ ಪರೀಕ್ಷಿಸಿ ಸಲಹೆ ಕೊಟ್ಟಿತು. ಒಪ್ಪಿಕೊಂಡದ್ದು ಸಂಸತ್ತು.

ಪ್ರಚಾರದಲ್ಲಿ ಕಾನೂನು ಮುರಿಯಲಾಯಿತೆಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಒಕ್ಕೂಟ ಬಿಡಬೇಕೆಂಬ ಪ್ರಚಾರದ ಅಧಿಕೃತ ಸಂಸ್ಥೆ ‘ವೋಟ್ ಲೀವ್’ಗೆ ವೆಚ್ಚದ ಮಿತಿ 70 ಲಕ್ಷ ಪೌಂಡ್. ಅದು ಆ ಮಿತಿ ಮೀರಿತೆಂದು ಆಯೋಗ 2018ರ ಜುಲೈಯಲ್ಲಿ ತೀರ್ಮಾನಿಸಿ 61,000 ಪೌಂಡ್ ದಂಡ ಹಾಕಿತು. ಹಾಗಿದ್ದರೆ ಫಲಿತಾಂಶವನ್ನೇ ರದ್ದು ಮಾಡಬೇಕಿತ್ತಲ್ಲವೇ? ಮಾಡಬೇಕಾದವರು ಯಾರು ಎಂಬುದೇ ಪ್ರಶ್ನೆ. ಕೋಟ್ಯಂತರ ಜನರ ಮತವನ್ನು ಒಬ್ಬ ಅಧಿಕಾರಿಯ ಸಹಿಯಿಂದ ಅಳಿಸಬಹುದಾದ ದೇಶದಲ್ಲಿ, ಮುಂದೊಂದು ದಿನ ಇನ್ನೊಬ್ಬ ಅಧಿಕಾರಿ ಸರ್ಕಾರಕ್ಕೆ ಹಿಡಿಸದ ಫಲಿತಾಂಶವನ್ನೂ ಅಳಿಸಬಹುದು. ಅದು ನ್ಯಾಯಾಲಯದ ಕೆಲಸ. ಲೋಪವಿದ್ದದ್ದು ಅಲ್ಲಿಗೆ ಹೋಗುವ ದಾರಿಯಲ್ಲಿ: ಜನಮತಗಣನೆಯ ಫಲಿತಾಂಶ ಪ್ರಶ್ನಿಸಲು ಆರು ವಾರಗಳ ಗಡುವು, ಅಕ್ರಮ ಪತ್ತೆಯಾಗಿ ಆಯೋಗ ತೀರ್ಮಾನಿಸುವಷ್ಟರಲ್ಲಿ ಎರಡು ವರ್ಷ. ಆಯೋಗ ಒಂದು ತಪ್ಪಿಗೆ ಹಾಕಬಹುದಾಗಿದ್ದ ಗರಿಷ್ಠ ದಂಡ 20,000 ಪೌಂಡ್. ಲಕ್ಷಗಟ್ಟಲೆ ಸುರಿಯುವವರಿಗೆ ಅದು ಶಿಕ್ಷೆಯಲ್ಲ. ಪ್ರಚಾರ ನಡೆಯುತ್ತಿರುವಾಗಲೇ ಲೆಕ್ಕ ಕೇಳುವ ಅಧಿಕಾರ, ನೋವಾಗುವಷ್ಟು ದಂಡ, ಅಕ್ರಮ ಬಯಲಾದ ದಿನದಿಂದ ಶುರುವಾಗುವ ಗಡುವು: ಟೀಕಾಕಾರರು ಇವನ್ನು ಕೇಳಿದರೆ ನಾನೂ ಅವರ ಜೊತೆ ನಿಲ್ಲುತ್ತೇನೆ.

ಎಲ್ಲ ಗದ್ದಲದ ನಡುವೆ ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಿತ್ತು. 2022ರ ಚುನಾವಣಾ ಕಾಯ್ದೆ, ಆಯೋಗಕ್ಕೆ ಕಾರ್ಯನೀತಿಯ ಹೇಳಿಕೆ ಬರೆದುಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಒದಗಿಸಿತು. ಆಯೋಗದ ಸದಸ್ಯರೇ ಪತ್ರ ಬರೆದು ವಿರೋಧಿಸಿದರೂ ಅದು ಜಾರಿಯಾಯಿತು. ಮುಖ್ಯ ಎಣಿಕೆ ಅಧಿಕಾರಿ ಸ್ಥಾನ ಕಾನೂನಿನ ಪ್ರಕಾರ ಸಲ್ಲುವುದು ಆಯೋಗದ ಅಧ್ಯಕ್ಷರಿಗೆ ಅಥವಾ ಅವರು ನೇಮಿಸಿದವರಿಗೆ. ಮುಂದಿನ ಜನಮತಗಣನೆಯಲ್ಲಿ ಸರ್ಕಾರವೇ ಒಂದು ಕಡೆಯ ಪ್ರಚಾರಕನಾಗಿ ನಿಂತಾಗ, ಎಣಿಸುವ ಸಂಸ್ಥೆಗೆ ನೀತಿ ಬರೆದುಕೊಟ್ಟವರೂ ಅವರೇ ಆಗಿರುತ್ತಾರೆ. ಬ್ರಿಟನ್ನಿನಲ್ಲಿ ಮತವಿರುವ ಕನ್ನಡಿಗರು ತಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆಯುವುದಾದರೆ ಮೊದಲು ಬರೆಯಬೇಕಾದದ್ದು ಇದರ ಬಗ್ಗೆ.