ಸೀಟು ಸಿಕ್ಕಾಯ್ತು, ರ‍್ಯಾಂಕ್ ಇನ್ನೂ ಯಾಕೆ?

ಕ್ಯಾಂಪಸ್ಸಿಗೆ ಹೊಸಬರು ಬಂದಾಗ ನಾವು ಕೇಳೋ ಪ್ರಶ್ನೆಗಳು ಎಲ್ಲರಿಗೂ ಗೊತ್ತು: ಹೆಸರೇನು, ಯಾವ ಬ್ರಾಂಚ್, ಸಿಇಟಿ ರ‍್ಯಾಂಕ್ ಎಷ್ಟು? ಊರು ಯಾವುದು ಅನ್ನೋದೆಲ್ಲ ಆಮೇಲೆ. ಸೆಕೆಂಡ್ ಇಯರ್ ಹೊತ್ತಿಗೆ ರ‍್ಯಾಂಕಿನ ಜಾಗಕ್ಕೆ ಸಿಜಿಪಿಎ ಬರುತ್ತೆ, ಆಮೇಲೆ ಇಂಟರ್ನ್‌ಶಿಪ್, ಕೊನೆಗೆ ಪ್ಯಾಕೇಜ್. ಎಲ್ಲದರ ಹಿಂದೆ ಇರೋದು ಒಂದೇ ಕುತೂಹಲ: ಇವರು ನಮಗಿಂತ ಮೇಲಾ, ಕೆಳಗಾ?

ಇದು ಕಾಲೇಜಿಗೆ ಬಂದಮೇಲೆ ಶುರುವಾದ ಅಭ್ಯಾಸ ಅಲ್ಲ. ರಿಸಲ್ಟ್ ಬಂದ ವಾರ ಜಯನಗರ, ಬನಶಂಕರಿ ಕಡೆ ಓಡಾಡಿ ನೋಡಿ. ಕೋಚಿಂಗ್ ಸೆಂಟರ್ ಬೋರ್ಡುಗಳಲ್ಲಿ ಸಾಲು ಸಾಲು ಪಾಸ್‌ಪೋರ್ಟ್ ಸೈಜ್ ಫೋಟೊ, ಒಂದೊಂದರ ಕೆಳಗೂ ಒಂದೊಂದು ನಂಬರ್. ಮದುವೆ ಮನೆಯಲ್ಲಿ ದೊಡ್ಡಮ್ಮ ಕೇಳೋದೂ ಅದನ್ನೇ.

ಆ ನಂಬರ್ ನಿಜವಾಗಿ ಏನು ಹೇಳುತ್ತೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳಿಂದ ಶೇ. 50, ಸಿಇಟಿ ಅಂಕಗಳಿಂದ ಶೇ. 50. ಸಿಇಟಿಯಲ್ಲಿ ಈ ಮೂರು ಪೇಪರ್ ಸೇರಿ 180 ಅಂಕ. ರ‍್ಯಾಂಕ್ ಪಡೆಯೋರು 2 ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಇಷ್ಟೇ ಅಂಕಗಳ ನಡುವೆ ಒತ್ತಿಕೊಂಡು ನಿಂತಾಗ, ಮಧ್ಯದ ಗುಂಪಿನಲ್ಲಿ ಒಂದೇ ಒಂದು ಪ್ರಶ್ನೆ ತಪ್ಪಾದರೂ ರ‍್ಯಾಂಕ್ ಸಾವಿರದಷ್ಟು ಕೆಳಗೆ ಹೋಗಬಹುದು. ಓದಿದ್ದರಲ್ಲಿ ವ್ಯತ್ಯಾಸ ಒಂದು ಪ್ರಶ್ನೆಯಷ್ಟೇ.

ಸೀಟು ಹಂಚೋಕೆ ಇಂಥದ್ದೊಂದು ಪಟ್ಟಿ ಬೇಕು, ಒಪ್ಪೋಣ. ಸೀಟು ಕಡಿಮೆ, ಕೇಳೋರು ಜಾಸ್ತಿ ಅಂದಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು. ಆದ್ರೆ ಅಡ್ಮಿಷನ್ ಆದ ದಿನ ಆ ಪಟ್ಟಿಯ ಕೆಲಸ ಮುಗೀತು. ಅದನ್ನ ಮನುಷ್ಯರ ಬೆಲೆ ಕಟ್ಟೋಕೆ ಬಳಸೋದು ನಾವು.

ಮೂರನೇ ಸೆಮಿಸ್ಟರಿಗೆ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಸೇರ್ತಾರೆ. ಅವರು ಬರೆದಿದ್ದು ಡಿಸಿಇಟಿ, ಹಾಗಾಗಿ ನಮ್ಮ ಪಟ್ಟಿಯಲ್ಲಿ ಅವರಿಗೆ ಜಾಗವೇ ಇಲ್ಲ. ಮ್ಯಾಥ್ಸ್ ಕ್ಲಾಸಲ್ಲಿ ಅವರು ಒದ್ದಾಡಿದ್ರೆ ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗು. ಲ್ಯಾಬಲ್ಲಿ ಸರ್ಕ್ಯೂಟ್ ಔಟ್‌ಪುಟ್ ಕೊಡದೆ ಸತಾಯಿಸುವಾಗ ಯಾವ ವೈರ್ ಲೂಸ್ ಅಂತ ಎರಡು ನಿಮಿಷಕ್ಕೆ ಹಿಡಿಯೋದು ಅವರೇ. ಕನ್ನಡ ಮೀಡಿಯಂನಿಂದ ಬಂದವರು ಪ್ರೆಸೆಂಟೇಷನ್ ಅಂದ್ರೆ ಹಿಂಜರೀತಾರೆ. ಇಂಗ್ಲಿಷ್ ಮೀಡಿಯಂನ ನಾವು ಒಂದು ಒತ್ತಕ್ಷರಕ್ಕೆ ಪರದಾಡ್ತೀವಿ. ಅಳತೆಗೋಲು ಬದಲಾಯಿಸಿದ್ರೆ ಪಟ್ಟಿಯೇ ತಲೆಕೆಳಗು.

ಇನ್ನು "ಅವನು ಮ್ಯಾನೇಜ್‌ಮೆಂಟ್ ಸೀಟು", "ಅವಳು ಕೋಟಾ" ಅಂತ ಬೆನ್ನ ಹಿಂದೆ ಹೇಳೋ ಮಾತು. ಅದು ಕಿವಿಗೆ ಬಿದ್ದವರು ಕ್ಲಾಸಲ್ಲಿ ಎದ್ದುನಿಂತು ಡೌಟ್ ಕೇಳೋದನ್ನೇ ಬಿಟ್ಟುಬಿಡ್ತಾರೆ. ಕಲಿಯೋಕೆ ಬಂದ ಜಾಗದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಈ ಹೋಲಿಕೆಯ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು. ನಮ್ಮ ಸಾಮರ್ಥ್ಯವನ್ನ ನೇರವಾಗಿ ಅಳೆಯೋ ದಾರಿ ಇಲ್ಲದಾಗ ನಾವು ಬೇರೆಯವರ ಜೊತೆ ಹೋಲಿಸಿ ನೋಡ್ತೀವಿ, ಅದೂ ನಮ್ಮಂಥವರ ಜೊತೆಗೇ, ಅನ್ನೋದು ಅದರ ತಿರುಳು. ನಿಜ ತಾನೇ? ದೊಡ್ಡ ಕಂಪನಿ ಮಾಲೀಕರ ಆಸ್ತಿ ಎಷ್ಟಿದ್ರೂ ನಮಗೇನೂ ಅನ್ನಿಸಲ್ಲ. ಬಿಟಿಎಂ ಪಿಜಿಯಲ್ಲಿ ಪಕ್ಕದ ಮಂಚದ ರೂಮ್‌ಮೇಟಿಗೆ 9.1 ಬಂತು ಅಂದ್ರೆ ಅವತ್ತು ಊಟ ಸೇರಲ್ಲ.

ಆದ್ರೆ ನಮ್ಮ ಓದಿನಲ್ಲಿ ನೇರ ಅಳತೆಗೆ ಬರವಿಲ್ಲ. ಬರೆದ ಕೋಡ್ ರನ್ ಆಗುತ್ತೋ ಇಲ್ವೋ, ಹಾಕಿದ ಬೀಮಿನ ಲೆಕ್ಕ ಸರಿಯೋ ತಪ್ಪೋ, ಹೋದ ಸೆಮಿಸ್ಟರಿನಲ್ಲಿ ತಲೆಗೆ ಹತ್ತದ ವಿಷಯವನ್ನ ಈಗ ಇನ್ನೊಬ್ಬರಿಗೆ ಹೇಳಿಕೊಡೋಕೆ ಆಗುತ್ತೋ ಇಲ್ವೋ. ಇದಕ್ಕೆ ಯಾರ ಮಾರ್ಕ್ಸ್ ಕಾರ್ಡೂ ಬೇಕಿಲ್ಲ. ಲಿಂಕ್ಡ್‌ಇನ್‌ನಲ್ಲಿ ಕಾಣೋದು ಸಿಕ್ಕ ಆಫರ್ ಮಾತ್ರ, ರಿಜೆಕ್ಟ್ ಆದ ಅರ್ಜಿಗಳನ್ನ ಹಾಕೋರು ಕಡಿಮೆ. ಪ್ಲೇಸ್‌ಮೆಂಟ್ ಪೋಸ್ಟರಿನ 'ಹೈಯೆಸ್ಟ್ ಪ್ಯಾಕೇಜ್' ಇಡೀ ಬ್ಯಾಚಿನ ಕಥೆಯಲ್ಲ. ದೂರದ ಬೆಟ್ಟ ನುಣ್ಣಗೆ.

"ಪೈಪೋಟಿ ಇಲ್ಲದಿದ್ರೆ ಯಾರು ಓದ್ತಾರೆ?" ಅಂತ ಕೆಲವರು ಕೇಳಬಹುದು. ಪೈಪೋಟಿ ಇರಲಿ. ಒಬ್ಬರು ಚೆನ್ನಾಗಿ ಮಾಡಿದ್ರೆ ಹೇಗೆ ಓದಿದ್ರು ಅಂತ ಕೇಳಿ ಕಲಿಯೋಣ. ಆ ಹೋಲಿಕೆಯಿಂದ ಲಾಭ ಇದೆ. ಅವರಿಗೆ ಜಾಸ್ತಿ ಬಂತು, ಹಾಗಾಗಿ ನಾವು ದಂಡ ಅನ್ನೋ ತೀರ್ಮಾನದಿಂದ ಒಂದು ಪ್ರಾಬ್ಲಮ್ಮೂ ಸಾಲ್ವ್ ಆಗಲ್ಲ.

ಮುಂದಿನ ಇಂಟರ್ನಲ್ಸ್ ಪೇಪರ್ ಕೈಗೆ ಬಂದ ದಿನ ಪಕ್ಕದವರಿಗೆ "ಎಷ್ಟು ಬಂತು?" ಅನ್ನೋ ಬದಲು "ಯಾವ ಮಾಡ್ಯೂಲ್ ಅರ್ಥ ಆಗ್ಲಿಲ್ಲ?" ಅಂತ ಕೇಳಿ ನೋಡೋಣ. ಬಹುಶಃ ನಮಗೂ ಅದೇ ಅರ್ಥ ಆಗಿರಲ್ಲ.