ಯಂತ್ರಕೋಣೆಯ ಕಾಯಕ



ಕಳೆದ ಶ್ರಾವಣದಲ್ಲಿ ಮೂಡಲಗಿ ಸೀಮೆಯ ಒಂದು ಗ್ರಾಮದಲ್ಲಿ ಶರಣರ ಪುರಾಣ ಪ್ರವಚನ ನಡೆದಿತ್ತು. ಅಂದಿನ ಪ್ರಸಂಗ ಅಂಬಿಗರ ಚೌಡಯ್ಯನದು. ಮಂಗಳಾರತಿ ಮುಗಿದು ಜನರು ಚದುರಿದ ಮೇಲೆ ತಾಯಿಯೊಬ್ಬರು ಮಗನನ್ನು ಮುಂದಿಟ್ಟುಕೊಂಡು ಬಂದರು. “ಶಾಸ್ತ್ರಿಗಳ್ರ, ಅಂಬಿಗನ ಕಾಯಕ ದೊಡ್ಡದಂತ ಹೇಳಿದ್ರಿ. ನಮ್ಮ ಹುಡುಗ ಹಡಗಿನ ಎಂಜಿನಿಯರ್ ಆಗತೇನಂತ ಹಟ ಹಿಡದಾನ್ರಿ. ಅದಕ್ಕ ಎರಡೆಕರೆ ಕಬ್ಬಿನ ಹೊಲ ಒತ್ತಿ ಹಾಕಬೇಕಂತ್ರಿ. ಹಾಕೂದೋ ಬ್ಯಾಡೋ ಹೇಳ್ರಿ” ಎಂದರು.

ನಾನು ತಕ್ಷಣ ಉತ್ತರಿಸಲಿಲ್ಲ. ಹುಡುಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಉತ್ತಮ ಅಂಕಗಳಿಂದ ತೇರ್ಗಡೆಯಾಗಿದ್ದ. ಹುಕ್ಕೇರಿ ತಾಲೂಕಿನಲ್ಲಿ ನಮ್ಮ ಮಠದ ಭಕ್ತರೊಬ್ಬರು ಬಹುಕಾಲ ಹಡಗುಗಳ ಯಂತ್ರಕೋಣೆಯಲ್ಲಿ ದುಡಿದು ನಿವೃತ್ತರಾಗಿದ್ದಾರೆ. ಅವರ ಮನೆಗೆ ಎರಡು ಸಲ ಹೋಗಿ ಕೇಳಿ ತಿಳಿದುದನ್ನು ಆ ತಾಯಿಗೆ ಹೇಳಿದೆ. ಅದನ್ನೇ ಇಲ್ಲಿಯೂ ನಿವೇದಿಸುತ್ತೇನೆ.

ಕಡಲು ದಾಟಬಾರದೆಂಬ ಸಂಶಯವನ್ನು ಮೊದಲು ಬಿಡೋಣ. ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಎಣಿಸಿದ್ದು ಬೌಧಾಯನ ಧರ್ಮಸೂತ್ರ. ಶರಣಧರ್ಮಕ್ಕೆ ಆ ಕಟ್ಟಳೆ ಇಲ್ಲ. ಕಡಲಿನಿಂದ ದೂರದವರಿಗೆ ಹಡಗಿನ ಗೊಡವೆ ಏಕೆ ಎನ್ನುವುದೂ ಸರಿಯಲ್ಲ. ಸಿದ್ಧರಾಮೇಶ್ವರರ ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು ಕಟ್ಟಿದ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವೇ ಇಂದು ರಾಷ್ಟ್ರೀಯ ನೌಕಾಯಾನ ದಿನ. ಯಂತ್ರಗಳಂತೂ ನಮ್ಮ ಸೀಮೆಗೆ ಹೊಸವಲ್ಲ. 1887ರಿಂದ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ಇದೆ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಂದೆ ನಿಂತು ದುಡಿದವರು ಹುಕ್ಕೇರಿ ತಾಲೂಕಿನ ಎಷ್ಟೋ ಮನೆಗಳಲ್ಲಿದ್ದಾರೆ.

ಆದರೆ ಹಡಗಿನ ಯಂತ್ರದ ಗಾತ್ರ ನಮ್ಮ ಊಹೆಗೆ ನಿಲುಕುವುದಿಲ್ಲ. ಹೊಲದ ಡೀಸೆಲ್ ಪಂಪಿನ ಎಂಜಿನ್ನು ಐದು ಅಶ್ವಶಕ್ತಿಯದು, ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗುತ್ತದೆ. ದೊಡ್ಡ ಸರಕುಹಡಗಿನ ಎಂಜಿನ್ನು ಮೂರು ನಾಲ್ಕು ಅಂತಸ್ತಿನಷ್ಟು ಎತ್ತರ. ನಿಮಿಷಕ್ಕೆ ಸುಮಾರು ನೂರೇ ಸುತ್ತು. ಅತಿ ದೊಡ್ಡ ಎಂಜಿನ್ನುಗಳ ಬಲ ಒಂದು ಲಕ್ಷ ಅಶ್ವಶಕ್ತಿಯನ್ನು ಮೀರುತ್ತದೆ. ಅದಕ್ಕೆ ಉಣಿಸುವ ತೈಲ ನಮ್ಮ ಕಾರ್ಖಾನೆಯ ಕಾಕಂಬಿಯಂತೆ ಮಂದ. ಅದನ್ನು ಕಾಯಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ನೀರು ಹಾಗೂ ಕೆಸರನ್ನು ಬೇರ್ಪಡಿಸಿ, ಮತ್ತೆ ನೂರು ಡಿಗ್ರಿಗೂ ಮೀರಿ ಕಾಯಿಸಿದ ಮೇಲೆಯೇ ಅದು ಉರಿಯಲು ಯೋಗ್ಯವಾಗುವುದು. ಆ ತೈಲದಲ್ಲಿ ಗಂಧಕದ ಅಂಶ ಶೇಕಡಾ 3.5ರವರೆಗೆ ಇರಬಹುದಿತ್ತು, 2020ರ ಜನವರಿಯಿಂದ 0.5ಕ್ಕೆ ಇಳಿಸಲಾಗಿದೆ. ಅಂದಿನಿಂದ ಎಂಜಿನಿಯರರ ಎಚ್ಚರ ಇನ್ನಷ್ಟು ಹೆಚ್ಚಬೇಕಾಯಿತು.

ಇದಲ್ಲದೆ ವಿದ್ಯುತ್ ಜನರೇಟರುಗಳು, ಬಾಯ್ಲರು, ಶೀತಲ ಕೋಣೆ, ಚುಕ್ಕಾಣಿಯ ಯಂತ್ರ, ಮಲಿನ ನೀರಿನಿಂದ ಎಣ್ಣೆ ತೆಗೆಯುವ ಸಾಧನ ಎಲ್ಲವೂ ಇವರ ಪಾಲಿಗೆ. ನಡುಗಡಲಿನಲ್ಲಿ ಕೆಟ್ಟರೆ ಮೆಕ್ಯಾನಿಕನನ್ನು ಕರೆಸುವ ಮಾತಿಲ್ಲ. ಅದು ಸದ್ದಿನ ಕೋಣೆ, ಶಾಖ 40 ಡಿಗ್ರಿಯ ಮೇಲೆಯೇ. ಹಡಗಿನಲ್ಲಿದ್ದೂ ಇಡೀ ದಿನ ಕಡಲನ್ನು ಕಾಣದ ಕಾಯಕವಿದು. ಹಿಂದೆ ನಾಲ್ಕು ಗಂಟೆ ಪಹರೆ, ಎಂಟು ಗಂಟೆ ಬಿಡುವು ಎಂಬ ಸರದಿಯಿತ್ತು. ಕೆಲವು ಹಡಗುಗಳಲ್ಲಿ ಈಗಲೂ ಇದೆ. ಹೊಸ ಹಡಗುಗಳಲ್ಲಿ ರಾತ್ರಿ ಯಂತ್ರಕೋಣೆಯಲ್ಲಿ ಯಾರೂ ಇರುವುದಿಲ್ಲ, ಆದರೆ ಸರದಿಯವನ ಕೋಣೆಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತೆಂದರೆ ಹಾಸಿಗೆ ಬಿಟ್ಟು ಓಡಲೇಬೇಕು.

ತರಬೇತಿಯ ವಿಷಯ. ಇದಕ್ಕೆಂದೇ 1949ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸಂಸ್ಥೆ ಇಂದು ಭಾರತೀಯ ಕಡಲ ವಿಶ್ವವಿದ್ಯಾಲಯದ ಅಂಗ. 2008ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯದ ಕೇಂದ್ರ ಚೆನ್ನೈಯಲ್ಲಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಟೆಕ್. ಸೇರಬಹುದು; ಮೆಕ್ಯಾನಿಕಲ್ ಪದವೀಧರರಿಗೆ ಅಲ್ಪಾವಧಿಯ ಶಿಕ್ಷಣವೂ ಉಂಟು. ಕಣ್ಣಿನ ಪರೀಕ್ಷೆ ಕಟ್ಟುನಿಟ್ಟು. ಆದ್ದರಿಂದ ಶುಲ್ಕ ತುಂಬುವ ಮೊದಲೇ ಮಾನ್ಯತೆಯುಳ್ಳ ವೈದ್ಯರಿಂದ ತಪಾಸಣೆ ಮಾಡಿಸುವುದು ಲೇಸು. ಪದವಿಯ ಬಳಿಕ ಹಡಗಿನಲ್ಲಿ ತಿಂಗಳುಗಟ್ಟಲೆ ದುಡಿದು, ಸರಕಾರದ ನಾಲ್ಕನೆಯ ದರ್ಜೆಯ ಪರೀಕ್ಷೆ ಗೆದ್ದರೆ ಮಾತ್ರ ಅಧಿಕಾರಿ. ಮುಖ್ಯ ಎಂಜಿನಿಯರನಾಗಲು ಮತ್ತೆ ಸಮುದ್ರಸೇವೆ, ಮತ್ತೆ ಪರೀಕ್ಷೆ.

ಹೊಸಬನ ಮೊದಲ ಕೆಲಸ ಜಾಲರಿ ತೊಳೆಯುವುದು, ಎಣ್ಣೆ ಒರೆಸುವುದು, ಒಂದೊಂದು ಕೊಳವೆಯ ಜಾಡು ಹಿಡಿದು ಹೋಗಿ ತನ್ನ ಕೈಯಿಂದಲೇ ನಕಾಶೆ ಬರೆಯುವುದು. ಇದನ್ನು ಕೇಳಿ ನನಗೆ ನಗು ಬಂತು. ಮಠದಲ್ಲಿ ನಾವೂ ಅಂಗಳ ಗುಡಿಸಿ, ನೀರು ಹೊತ್ತು, ಅನಂತರವೇ ಷಟ್‌ಸ್ಥಲದ ಪಾಠಕ್ಕೆ ಕುಳಿತವರು.

ತಾಯಿಯ ಹಿಂದೆ ನಿಂತ ಮಗಳೂ ಕಿವಿಗೊಟ್ಟಿದ್ದಳು. 1999ರಲ್ಲಿ ಸೋನಾಲಿ ಬ್ಯಾನರ್ಜಿ ಎಂಬುವರು ಕೋಲ್ಕತ್ತದಲ್ಲಿ ಕಲಿತು ಭಾರತದ ಪ್ರಥಮ ಮಹಿಳಾ ಮೆರೈನ್ ಎಂಜಿನಿಯರ್ ಆದದ್ದನ್ನು ಅವಳಿಗಾಗಿ ಹೇಳಿದೆ.

ಇನ್ನು ಹೊಲದ ಮಾತು. ವಿಚಾರಿಸಿದಾಗ ಆ ಹಣ ಕಾಲೇಜಿನ ಶುಲ್ಕವಲ್ಲ, ಓದದೆಯೂ ಹಡಗು ಹತ್ತಿಸುತ್ತೇನೆಂದ ಮಧ್ಯವರ್ತಿಯೊಬ್ಬನ ಬೇಡಿಕೆ ಎಂದು ತಿಳಿಯಿತು. ಬಂಧುಗಳೇ, ಇಲ್ಲಿ ನಾನು ಕಟುವಾಗಿಯೇ ಹೇಳಬೇಕು. ಭಾರತವು 2015ರಲ್ಲಿ ಒಪ್ಪಿಕೊಂಡ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ನೌಕರಿ ಕೊಡಿಸಲು ನಾವಿಕನಿಂದ ಹಣ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟು, ನಾವಿಕನ ಪುಸ್ತಕ ಇವುಗಳ ವೆಚ್ಚ ಮಾತ್ರ ಅವನದು. ನೇಮಕಾತಿಗೆ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಿಗೆ ಬೇಕು. ಪರವಾನಿಗೆಯುಳ್ಳ ಸಂಸ್ಥೆಗಳ ಪಟ್ಟಿ ಬಹಿರಂಗವಾಗಿಯೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಕೊಟ್ಟ ರೊಕ್ಕ ಘಟಪ್ರಭೆಗೆ ಚೆಲ್ಲಿದಂತೆಯೇ. “ಹೊಲದ ಕಾಗದ ಟ್ರಂಕಿನಲ್ಲಿಯೇ ಇರಲಿ ತಾಯಿ, ಹುಡುಗ ಪ್ರವೇಶ ಪರೀಕ್ಷೆ ಬರೆಯಲಿ” ಎಂದೆ.

ಕಷ್ಟಗಳನ್ನೂ ಮುಚ್ಚಿಡಲಿಲ್ಲ. ಅನೇಕ ತಿಂಗಳು ಮನೆಯ ಮುಖವಿಲ್ಲ. ತಂದೆ ಲಿಂಗೈಕ್ಯರಾದರೂ ಕೂಡಲೇ ಬರಲಾಗದು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಸರಕುಹಡಗುಗಳ ಮೇಲೆ ದಾಳಿಗಳಾಗಿ ನಾವಿಕರು ಸತ್ತದ್ದೂ ಉಂಟು. ಹೆಣ್ಣು ಕೊಡುವವರು ಅನುಮಾನಿಸುತ್ತಾರೆ, ಇದೂ ನಿಜ.

ಲಿಂಗಪೂಜೆ ಹೇಗೆಂದು ತಾಯಿ ಕೇಳಿದರು. ಇಷ್ಟಲಿಂಗಕ್ಕೆ ಗುಡಿ ಬೇಡ, ಅಂಗದ ಮೇಲಿದ್ದು ಎಲ್ಲಿಗಾದರೂ ಬರುತ್ತದೆ. ಆದರೆ ಕೊರಳಲ್ಲಿ ಜೋತಾಡುವ ಕರಡಿಗೆ ತಿರುಗುವ ಯಂತ್ರದ ಬಳಿ ಅಪಾಯ. ನಿವೃತ್ತ ಹಿರಿಯರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಬಾಯ್ಲರ್ ಸೂಟಿನೊಳಗೆ ಎದೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದರಂತೆ. ಎಂಜಿನ್ನಿನಿಂದ ಹೊರಬೀಳುವ ಶಾಖದಿಂದಲೇ ಕಡಲ ನೀರನ್ನು ಆವಿ ಮಾಡಿ ಸಿಹಿನೀರು ತೆಗೆಯುವ ಸಾಧನ ಹಡಗಿನಲ್ಲಿರುತ್ತದೆ. ಅವರ ಲಿಂಗದ ಮಜ್ಜನಕ್ಕೆ ಆ ನೀರೇ. ಸಸ್ಯಾಹಾರವೊಂದು ಕೆಲವು ಹಡಗುಗಳಲ್ಲಿ ತೊಡಕಾಗಿತ್ತು ಎಂದು ಅವರೇ ಒಪ್ಪಿಕೊಂಡರು.

ಅದನ್ನು ಕೇಳಿದ ತಾಯಿ, “ಖಡಕ್ ರೊಟ್ಟಿ ಎಷ್ಟು ತಿಂಗಳ ಇದ್ರೂ ಕೆಡೂದಿಲ್ರಿ. ಶೇಂಗಾದ ಹಿಂಡಿ, ಗೋಕಾಕದ ಕರದಂಟು ಕಟ್ಟಿ ಕೊಡತೇನಿ” ಎಂದು ಮಗನ ಕಡೆ ನೋಡಿದರು. ಹುಡುಗ ಮಾತಾಡಲಿಲ್ಲ, ಪ್ರವೇಶ ಪರೀಕ್ಷೆಯ ಅರ್ಜಿ ಎಂದು ಹೊರಡುತ್ತದೆ ಎಂಬುದನ್ನಷ್ಟೇ ಕೇಳಿ ಬರೆದುಕೊಂಡ.