ಯಾರ ಪೈಕಿ ಎಂದು ಕೇಳದವರು

ಪರಊರಿನಲ್ಲಿ ಕನ್ನಡದ ದನಿ ಕೇಳಿದೊಡನೆ ನಾವು ಹಿಗ್ಗುತ್ತೇವೆ. ಹಿಗ್ಗಿದ ಮರುಗಳಿಗೆಯಲ್ಲೇ ‘ಯಾವೂರು? ಯಾರ ಪೈಕಿ?’ ಎಂದು ಕೇಳುತ್ತೇವೆ. ಈ ಪ್ರಶ್ನೆಯಲ್ಲಿ ಜಾತಿಯ ವಾಸನೆಯಿದೆ ಎಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪ ಸುಳ್ಳಲ್ಲ. ಆದರೆ ಅದರೊಳಗೆ ಬೇರೊಂದು ವಿವೇಕವೂ ಇದೆ. ಬಂದವನು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಮಗೆ ಮೊದಲೇ ಗೊತ್ತಿರುವ ಬೇರೊಂದು ಸಂಗತಿಯೊಡನೆ ತಾಳೆ ನೋಡುವ ವಿವೇಕ ಅದು. ಮನೆಯ ಬಾಗಿಲಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತೊಡನೆ ಅದನ್ನು ಕಳಚಿಡುತ್ತೇವೆ. ಈ ಬರಹ ಆ ಅಭ್ಯಾಸದ ವಿರುದ್ಧ.

ಪುಣೆಯ ನಮ್ಮ ಕಚೇರಿಯಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ಪಿಂಚಣಿ ಲೆಕ್ಕದ ಕಡತಗಳನ್ನು ಪ್ರತಿ ತಿಂಗಳೂ ಒಂದು ಸರ್ವರಿಗೆ ಏರಿಸುವುದು ನಮ್ಮ ಶಾಖೆಯ ಕೆಲಸ. ಅದಕ್ಕೆ ಎಸ್‌ಎಸ್‌ಎಚ್ ಎಂಬ ಸಂಪರ್ಕ ವಿಧಾನವನ್ನು ಬಳಸುತ್ತೇವೆ. ನಾವು ಓದಿದ್ದು ಇಂಗ್ಲಿಷ್ ಎಂ.ಎ.; ತಂತ್ರಜ್ಞರಲ್ಲ. ಆದರೆ ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಇಂಥ ಕೆಲಸಗಳು ಮೇಲೆ ಬಿದ್ದು, ಬಿದ್ದದ್ದನ್ನು ಕಲಿತೆವು. ಒಂದು ಬೆಳಿಗ್ಗೆ ಪರದೆಯ ಮೇಲೆ ‘ದೂರದ ಯಂತ್ರದ ಗುರುತು ಬದಲಾಗಿದೆ, ಯಾರೋ ಏನೋ ಕೆಡುಕು ಮಾಡುತ್ತಿರಬಹುದು’ ಎಂಬರ್ಥದ ದಪ್ಪಕ್ಷರದ ಇಂಗ್ಲಿಷ್ ಎಚ್ಚರಿಕೆ ಮೂಡಿತು. ಪಕ್ಕದ ಕಿರಿಯ ಸಹೋದ್ಯೋಗಿ ಅದರತ್ತ ಸರಿಯಾಗಿ ನೋಡಲೂ ಇಲ್ಲ. ಹಿಂದಿನವರು ಬಿಟ್ಟುಹೋದ ಟಿಪ್ಪಣಿಯ ನಾಲ್ಕನೆಯ ಅಂಶ ತೋರಿಸಿದರು: ‘ಈ ಸಂದೇಶ ಬಂದರೆ ನೋನ್ ಹೋಸ್ಟ್ಸ್ ಕಡತವನ್ನು ಡಿಲೀಟ್ ಮಾಡಿ, ಮತ್ತೆ ಪ್ರಯತ್ನಿಸಿ, ಯೆಸ್ ಎಂದು ಒತ್ತಿ.’

ನಾವು ಅಂದು ಡಿಲೀಟ್ ಮಾಡದೆ ಫೋನ್ ಮಾಡಿದೆವು. ಇದು ನಮ್ಮ ಜಾಣತನವಲ್ಲ. ಹಿಂದಿನ ಹಲವು ಸಲ ನಾವೂ ಆ ನಾಲ್ಕನೆಯ ಅಂಶವನ್ನು ಪಾಲಿಸಿದವರೇ. ಅಂದು ಮಾತ್ರ ಯಾಕೋ ಮನಸ್ಸು ಒಪ್ಪಲಿಲ್ಲ. ಅರ್ಧ ದಿನದ ವಿಚಾರಣೆಯ ನಂತರ ತಿಳಿದದ್ದು ಇಷ್ಟು: ಹಳೆಯ ಸರ್ವರನ್ನು ಬೇರೆಡೆಗೆ ಸ್ಥಳಾಂತರಿಸಿ, ಅದರ ಐಪಿ ವಿಳಾಸವನ್ನು ಇನ್ನೊಂದು ಶಾಖೆಯ ಪರೀಕ್ಷಾ ಯಂತ್ರಕ್ಕೆ ಕೊಟ್ಟಿದ್ದರು. ಪರೀಕ್ಷೆಗೆಂದು ಅಲ್ಲಿಯೂ ಅದೇ ಹೆಸರಿನ ಖಾತೆ, ಅದೇ ಪಾಸ್‌ವರ್ಡ್ ಇಟ್ಟಿದ್ದರು. ನಾವು ‘ಯೆಸ್’ ಒತ್ತಿದ್ದರೆ ಪಿಂಚಣಿದಾರರ ಹೆಸರು, ಬ್ಯಾಂಕ್ ಖಾತೆ, ಜನ್ಮದಿನಾಂಕಗಳೆಲ್ಲ ಯಾರು ಯಾರಿಗೋ ತೆರೆದಿಟ್ಟ ಯಂತ್ರದೊಳಗೆ ಸದ್ದಿಲ್ಲದೆ ಇಳಿಯುತ್ತಿದ್ದವು. ಕಳ್ಳನಾರೂ ಅಲ್ಲಿರಲಿಲ್ಲ. ಕೆಡುಕಾಗಲು ಪ್ರತಿಬಾರಿಯೂ ಕಳ್ಳನೇ ಬೇಕೆಂದಿಲ್ಲ, ಅಸಡ್ಡೆ ಸಾಕು.

ಈ ಕಡತ ಏನೆಂಬುದನ್ನು ತಿಳಿಯದೆ ಅದನ್ನು ಅಳಿಸುವವರೇ ಹೆಚ್ಚು. ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ, ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಜಾಲದಲ್ಲಿ ಯಾರೋ ಅಡಗಿ ಕುಳಿತು ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಪ್ರಸಂಗದ ನಂತರ ಟಾಟು ಯ್ಲೋನೆನ್ ಅದನ್ನು ಬರೆದರು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಟೆಲ್‌ನೆಟ್‌ನಂಥ ವಿಧಾನಗಳಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬಯಲಾಗಿಯೇ ಹರಿಯುತ್ತಿತ್ತು. ಇಂದು ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಬಂದದ್ದು.

ಗೂಢಲಿಪಿಯಷ್ಟೇ ಇದ್ದರೆ ಸಾಲದು ಎಂಬುದನ್ನು ಇದನ್ನು ಕಟ್ಟಿದವರು ಬಲ್ಲವರಾಗಿದ್ದರು. ಯಾರೊಡನೆ ಗುಟ್ಟು ಮಾತಾಡುತ್ತಿದ್ದೇವೆ ಎಂಬುದೇ ತಿಳಿಯದಿದ್ದರೆ ಗುಟ್ಟಿಗೆ ಬೆಲೆಯೇನು? ಆದ್ದರಿಂದ ಪ್ರತಿ ಸರ್ವರಿಗೂ ತನ್ನದೇ ಆದ ಒಂದು ಕೀಲಿಜೋಡಿ ಇರುತ್ತದೆ. ಅದನ್ನು ಹೋಸ್ಟ್ ಕೀ ಎನ್ನುತ್ತಾರೆ. ಅದರ ಖಾಸಗಿ ಭಾಗ ಸರ್ವರಿನಲ್ಲೇ ಉಳಿಯುತ್ತದೆ. ಸಾರ್ವಜನಿಕ ಭಾಗವನ್ನು ಅದು ನಮಗೆ ತೋರಿಸಿ, ಖಾಸಗಿ ಭಾಗ ತನ್ನ ಬಳಿಯಿದೆ ಎಂಬುದನ್ನು ಸಹಿಯ ಮೂಲಕ ಸಾಬೀತುಪಡಿಸುತ್ತದೆ. ಮೊದಲ ಭೇಟಿಯಲ್ಲಿ ನಮ್ಮ ಕಂಪ್ಯೂಟರು ಆ ಕೀಲಿಯ ಬೆರಳ ಗುರುತನ್ನು ತೋರಿಸಿ ‘ಮುಂದುವರಿಯಲೇ?’ ಎಂದು ಕೇಳುತ್ತದೆ. ಒಪ್ಪಿದರೆ ನೋನ್ ಹೋಸ್ಟ್ಸ್ ಕಡತದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ಮುಂದಿನ ಪ್ರತಿ ಭೇಟಿಯಲ್ಲಿಯೂ ಆ ಸಾಲಿನೊಡನೆ ತಾಳೆ ನೋಡುತ್ತದೆ. ಬರೀ ‘ವೈ’ ಅಕ್ಷರ ಒತ್ತಿದರೆ ಅದು ಒಪ್ಪುವುದಿಲ್ಲ, ಮೂರಕ್ಷರದ ‘ಯೆಸ್’ ಪೂರ್ತಿ ಬೇಕು. ಮೂರಕ್ಷರ ಒತ್ತುವಷ್ಟು ಹೊತ್ತಾದರೂ ಯೋಚಿಸಿ ಎಂಬ ಸೂಚನೆಯನ್ನು ನಾವು ಅದರಲ್ಲಿ ಓದುತ್ತೇವೆ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇಲ್ಲೊಂದು ಹಳೆಯ ದೃಶ್ಯ ನೆನಪಾಗುತ್ತದೆ. ಹ್ಯಾಮ್ಲೆಟ್ ನಾಟಕ ಶುರುವಾಗುವುದು ಕೋಟೆಯ ಕಾವಲುಗಾರರ ಪರಸ್ಪರ ವಿಚಾರಣೆಯಿಂದ. ಮೊದಲ ಪ್ರಶ್ನೆ ಕೇಳುವವನು ಕಾವಲು ನಿಂತವನಲ್ಲ, ಹೊರಗಿನಿಂದ ಬಂದವನು. ಎಸ್‌ಎಸ್‌ಎಚ್‌ನಲ್ಲಿಯೂ ಹಾಗೆಯೇ: ಬಾಗಿಲಿಗೆ ಬಂದ ನಾವು ನಮ್ಮ ಗುರುತು ಹೇಳುವ ಮೊದಲು ಬಾಗಿಲಲ್ಲಿ ನಿಂತವರ ಗುರುತನ್ನು ಕೇಳುತ್ತೇವೆ. ಈ ಕ್ರಮ ತಪ್ಪಿದರೆ ಪಾಸ್‌ವರ್ಡನ್ನು ಯಾರ ಕೈಗೆ ಇಟ್ಟೆವೆಂಬುದು ಕೊಟ್ಟ ಮೇಲಷ್ಟೇ ಗೊತ್ತಾಗುತ್ತದೆ, ಅಥವಾ ಗೊತ್ತೇ ಆಗುವುದಿಲ್ಲ.

ಕಡತವನ್ನು ಅಳಿಸುವವರು ಮೂರು ಸಮರ್ಥನೆಗಳನ್ನು ಕೊಡುತ್ತಾರೆ. ಮೊದಲನೆಯದು: ಈ ಎಚ್ಚರಿಕೆ ಬರುವುದು ಬಹುಪಾಲು ಸರ್ವರನ್ನು ಹೊಸದಾಗಿ ಕಟ್ಟಿದಾಗ, ಅದಕ್ಕೆ ಹೆದರುವುದೇಕೆ? ಬಹುಪಾಲು ಹಾಗೆಯೇ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಸರ್ವರ್ ಹೊಸದಾಗಿದೆಯೋ, ವಿಳಾಸ ಬೇರೆಯವರ ಪಾಲಾಗಿದೆಯೋ, ನಡುವೆ ಯಾರಾದರೂ ನುಸುಳಿದ್ದಾರೋ ಎಂಬುದನ್ನು ನಮ್ಮ ಕಂಪ್ಯೂಟರು ಬೇರ್ಪಡಿಸಲಾರದು. ಅದು ಮೂರಕ್ಕೂ ಒಂದೇ ಎಚ್ಚರಿಕೆ ಕೊಡುತ್ತದೆ. ಬೇರ್ಪಡಿಸಬೇಕಾದವರು ಮನುಷ್ಯರು. ಅದಕ್ಕೆ ಇರುವ ಒಂದೇ ದಾರಿ ಸರ್ವರಿನ ಹೊಣೆ ಹೊತ್ತವರನ್ನು ಕೇಳುವುದು.

ಎರಡನೆಯದು: ಇದು ಒಳಜಾಲ, ಇಲ್ಲಿ ಹೊರಗಿನವರು ಬರಲಾರರು. ಮೇಲೆ ಹೇಳಿದ ನಮ್ಮ ಪ್ರಸಂಗ ನಡೆದದ್ದು ಒಳಜಾಲದಲ್ಲೇ. ತಪ್ಪು ಮನೆಯ ಬಾಗಿಲು ತಟ್ಟಲು ಬೇರೆ ಊರಿಗೇ ಹೋಗಬೇಕಾಗಿಲ್ಲ. ನಮ್ಮ ಬೀದಿಯಲ್ಲೇ ಸಾಧ್ಯ.

ಮೂರನೆಯದು ಸ್ವಲ್ಪ ತಿಳಿದವರ ವಾದ: ಗುರುತು ಬದಲಾಗಿದ್ದರೂ, ತಪಾಸಣೆಯನ್ನು ಸಡಿಲಿಸಿದ್ದರೂ ಓಪನ್‌ಎಸ್‌ಎಸ್‌ಎಚ್ ತಾನಾಗಿಯೇ ಪಾಸ್‌ವರ್ಡ್ ಪ್ರವೇಶವನ್ನು ತಡೆಯುತ್ತದೆ, ಇನ್ನೇನು ಭಯ? ಮಾತು ನಿಜ. ಆದರೆ ಹಾಗೆ ತಡೆಯಬೇಕಾದರೆ ಹಳೆಯ ಸಾಲು ಇರಬೇಕು. ಸಾಲು ಇದ್ದರೆ ತಾನೇ ‘ಬದಲಾಗಿದೆ’ ಎಂದು ಅದಕ್ಕೆ ತಿಳಿಯುವುದು? ಕಡತವನ್ನೇ ಅಳಿಸಿದವನಿಗೆ, ಇಲ್ಲವೇ ಗುರುತುಗಳನ್ನು ಬರೆದಿಡದೆ ಶೂನ್ಯಕ್ಕೆ ಸುರಿಯುವಂತೆ ಸೆಟ್ಟಿಂಗ್ ಮಾಡಿಕೊಂಡವನಿಗೆ, ಎಲ್ಲ ಸರ್ವರುಗಳೂ ಪ್ರತಿಬಾರಿ ಹೊಸ ಪರಿಚಯವೇ. ಹೊಸ ಪರಿಚಯಕ್ಕೆ ಆ ತಡೆ ಅನ್ವಯಿಸುವುದಿಲ್ಲ. ಕೊನೆಯ ಕಾವಲನ್ನೂ ತೆಗೆದುಹಾಕಿ ‘ಕಾವಲಿದೆಯಲ್ಲ’ ಎಂದು ನೆಮ್ಮದಿಯಿಂದಿರುವುದು ಇದು.

ಹಾಗಾದರೆ ಹಳೆಯದನ್ನೆಲ್ಲ ಹಾಗೇ ಕಾಪಿಡಬೇಕೆ? ಅದೂ ತಪ್ಪು. 2008ರ ಮೇ ತಿಂಗಳಲ್ಲಿ ಡೆಬಿಯನ್ ವ್ಯವಸ್ಥೆಯ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿದ್ದ ದೋಷವೊಂದು ಬಯಲಾಯಿತು. 2006ರಿಂದ ಅದರಲ್ಲಿ ತಯಾರಾದ ಕೀಲಿಗಳು ಎಣಿಸಬಹುದಾದಷ್ಟೇ ಇದ್ದವು. ಒಂದೊಂದು ಬಗೆಗೆ, ಅಳತೆಗೆ ಸುಮಾರು 32,768 ಮಾತ್ರ. ಊಹಿಸಬಲ್ಲ ಆ ಕೀಲಿಗಳನ್ನು ಸರ್ವರುಗಳಿಂದ ತೆಗೆದಂತೆಯೇ ಬಳಕೆದಾರರ ಕಡತಗಳಿಂದಲೂ ತೆಗೆಯಬೇಕಾಯಿತು. ಅಲ್ಲಿ ಅಪಾಯವಿದ್ದದ್ದು ಬದಲಾಗದ ಗುರುತಿನಲ್ಲಿ. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನು ಬದಲಿಸಿತು. ಅದರ ಖಾಸಗಿ ಭಾಗ ಸ್ವಲ್ಪ ಕಾಲ ಸಾರ್ವಜನಿಕ ರೆಪೊಸಿಟರಿಯೊಂದರಲ್ಲಿ ಬಯಲಾಗಿತ್ತು. ತಪ್ಪಾದದ್ದನ್ನು ಅದು ಒಪ್ಪಿಕೊಂಡಿತು, ಹಳೆಯ ಸಾಲನ್ನು ತೆಗೆಯುವ ಆಜ್ಞೆಯನ್ನು ತಿಳಿಸಿತು, ಹೊಸ ಕೀಲಿಯನ್ನೂ ಬೆರಳ ಗುರುತನ್ನೂ ಪ್ರಕಟಿಸಿತು. ತಾಳೆ ನೋಡುವವರಿಗೆ ತಾಳೆ ನೋಡಲು ಏನಾದರೂ ಇತ್ತು.

ಎಂದಮೇಲೆ ಶುಚಿಗೊಳಿಸುವುದು ಬೇಕು. ನಾವು ವಿರೋಧಿಸುವುದು ಗುಡಿಸಿಹಾಕುವುದನ್ನು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಈ ವ್ಯತ್ಯಾಸ ನಮಗೆ ಹೊಸತಲ್ಲ. 2021ರಿಂದ ಅಕ್ಟೋಬರ್ ಬಂತೆಂದರೆ ವಿಶೇಷ ಸ್ವಚ್ಛತಾ ಅಭಿಯಾನ. ಕಪಾಟುಗಳಿಂದ ಹಳೆಯ ಕಡತಗಳು ಹೊರಬರುತ್ತವೆ. ಆದರೆ ಹೊರಬಂದ ಒಂದು ಕಡತವೂ ನೇರ ರದ್ದಿಗೆ ಹೋಗುವುದಿಲ್ಲ. ಎ, ಬಿ, ಸಿ ಎಂಬ ವರ್ಗಗಳಿವೆ. ಎಷ್ಟು ವರ್ಷ ಉಳಿಸಬೇಕೆಂಬ ಪಟ್ಟಿಯಿದೆ. ಒಬ್ಬರು ಪರಿಶೀಲಿಸಿ, ಇನ್ನೊಬ್ಬರು ಒಪ್ಪಿ, ದಾಖಲಿಸಿದ ಮೇಲಷ್ಟೇ ವಿಲೇವಾರಿ. ಒಂದು ಕಡತ ಹಳತಾಯಿತೆಂದು ಕಪಾಟಿಗೇ ಬೆಂಕಿಯಿಡುವ ಗುಮಾಸ್ತನನ್ನು ನಾವು ಅಮಾನತಿನಲ್ಲಿಡುತ್ತೇವೆ. ಒಂದು ಸಾಲು ಹೊಂದಲಿಲ್ಲವೆಂದು ನೂರು ಸಾಲಿನ ನೋನ್ ಹೋಸ್ಟ್ಸ್ ಅಳಿಸುವವನನ್ನು ಮಾತ್ರ ‘ಕಂಪ್ಯೂಟರ್ ಬಲ್ಲವನು’ ಎಂದು ಹೊಗಳುತ್ತೇವೆ.

ಸರಿಯಾದ ವಿಂಗಡಣೆ ಕಷ್ಟವೇನಲ್ಲ. ಎಸ್‌ಎಸ್‌ಎಚ್-ಕೀಜೆನ್ ಎಂಬ ಆಜ್ಞೆಯೊಂದಿದೆ. ದೊಡ್ಡಕ್ಷರದ ಎಫ್ ಆಯ್ಕೆಯೊಡನೆ ಸರ್ವರಿನ ಹೆಸರು ಕೊಟ್ಟರೆ ಆ ಹೆಸರಿನ ಸಾಲುಗಳನ್ನು ತೋರಿಸುತ್ತದೆ; ದೊಡ್ಡಕ್ಷರದ ಆರ್ ಕೊಟ್ಟರೆ ಅವನ್ನು ಮಾತ್ರ ತೆಗೆದು, ಹಳೆಯ ಕಡತದ ಪ್ರತಿಯನ್ನು ಪಕ್ಕದಲ್ಲೇ ಉಳಿಸುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಹೆಸರುಗಳನ್ನು ಹ್ಯಾಶ್ ಮಾಡಿ ಬರೆದಿರುವುದರಿಂದ ಕಣ್ಣಿಗೆ ಓದಲಾಗದು, ಆದರೆ ಈ ಆಜ್ಞೆಗಳು ಅಲ್ಲಿಯೂ ನಡೆಯುತ್ತವೆ. ಸರ್ವರಿನ ಹೆಸರಿಗೊಂದು, ಐಪಿ ವಿಳಾಸಕ್ಕೊಂದು ಸಾಲು ಇರಬಹುದು, ಎರಡನ್ನೂ ನೋಡಬೇಕು. ಬಳಿಕ ಸರ್ವರಿನವರನ್ನು ಫೋನಿನಲ್ಲೋ ಎದುರಿಗೋ ಕೇಳಿ ಹೊಸ ಬೆರಳ ಗುರುತನ್ನು ಪಡೆದು ಹೋಲಿಸಬೇಕು. ಕಣ್ಣನ್ನು ನಂಬದವರು ‘ಯೆಸ್’ ಬದಲು ಆ ಗುರುತನ್ನೇ ಅಂಟಿಸಬಹುದು. ಹೊಂದಿದರೆ ಮಾತ್ರ ಮುಂದೆ ಹೋಗುತ್ತದೆ. 2019ರ 8.0 ಆವೃತ್ತಿಯಿಂದ ಈ ಸೌಲಭ್ಯವಿದೆ. ಈ ಕಡತದಲ್ಲಿ ದಿನಾಂಕದ ಅಂಕಣವಿಲ್ಲ. ಯಾವ ಗುರುತನ್ನು ಯಾರು, ಎಂದು ತಾಳೆ ನೋಡಿದರೆಂಬುದನ್ನು ನಾವೇ ಬೇರೆ ಬರೆದಿಡಬೇಕು. ವಹಿ ಬರೆಯುವುದು ಗುಮಾಸ್ತಿಕೆಯ ಮಕ್ಕಳಾದ ನಮಗೆ ಭಾರವಾಗಬಾರದು.

ಇಷ್ಟು ಹೇಳಿದ ಮೇಲೆ ನಮ್ಮ ಮುಖ್ಯ ಆರೋಪವನ್ನು ಅದು ಸಲ್ಲಬೇಕಾದವರಿಗೆ ಸಲ್ಲಿಸಬೇಕು. ಕೆಳಗಿನ ನೌಕರ ಎಚ್ಚರಿಕೆಯನ್ನು ಲೆಕ್ಕಿಸದಿರಲು ಕಾರಣ ಅವನ ಸೋಮಾರಿತನವೊಂದೇ ಅಲ್ಲ. ಸರ್ವರುಗಳನ್ನು ನಡೆಸುವವರು ಅವನಿಗೆ ಹಾಗೆ ಕಲಿಸಿದ್ದಾರೆ. ಹೇಳದೆ ಕೇಳದೆ ಯಂತ್ರ ಬದಲಿಸಿ, ಬೆರಳ ಗುರುತನ್ನು ಎಲ್ಲಿಯೂ ಪ್ರಕಟಿಸದೆ, ಕೇಳಿದವನಿಗೆ ‘ಯೆಸ್ ಒತ್ತಿ ಸಾಕು’ ಎನ್ನುವವರು ಎಚ್ಚರಿಕೆಯ ಬೆಲೆಯನ್ನು ತಾವೇ ಕಳೆದಿದ್ದಾರೆ. ‘ತೋಳ ಬಂತು’ ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗ ಇಲ್ಲಿ ಅವರೇ. ಏಟು ತಿನ್ನುವ ಕುರಿ ಬೇರೆ ಯಾರೋ.

ಅವರು ಮಾಡಬೇಕಾದದ್ದು ದುಬಾರಿಯಲ್ಲ. ಅದೇ ಸರ್ವರನ್ನು ಮರುಸ್ಥಾಪಿಸುವಾಗ ಹಳೆಯ ಹೋಸ್ಟ್ ಕೀಗಳನ್ನು ಸುರಕ್ಷಿತವಾಗಿ ಕಾಪಿಟ್ಟು ಮರಳಿ ಹಾಕಿದರೆ ಎಚ್ಚರಿಕೆಯೇ ಬರುವುದಿಲ್ಲ. ಬದಲಿಸಲೇಬೇಕಾದರೆ ಹಳೆಯ ಕೀಲಿ ಇನ್ನೂ ಬಳಕೆಯಲ್ಲಿರುವಾಗಲೇ ಹೊಸದನ್ನೂ ಪರಿಚಯಿಸಬಹುದು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅದಕ್ಕೆ ವ್ಯವಸ್ಥೆಯಿದೆ. ಸರ್ವರುಗಳು ಹೆಚ್ಚಿದ್ದಲ್ಲಿ ಸಂಸ್ಥೆಗೊಂದು ಪ್ರಮಾಣೀಕರಿಸುವ ಕೀಲಿ ಇಟ್ಟುಕೊಂಡು, ಎಲ್ಲ ಸರ್ವರುಗಳ ಕೀಲಿಗಳಿಗೂ ಅದರ ಸಹಿ ಹಾಕಬಹುದು. ಆಗ ನೌಕರನ ಕಡತದಲ್ಲಿ ನೂರು ಸಾಲಿನ ಬದಲು ಒಂದೇ ಸಾಲು ಸಾಕು. ಇವೊಂದೂ ಆಗದಿದ್ದರೆ, ಯಂತ್ರ ಬದಲಿಸಿದ ಸುತ್ತೋಲೆಯ ಕೊನೆಯಲ್ಲಿ ಹೊಸ ಬೆರಳ ಗುರುತಿನ ಒಂದು ಸಾಲನ್ನು ಅಚ್ಚು ಹಾಕಲಿ. ಚಹಾಕೂಟದ ಸಮಯವನ್ನೂ ಸುತ್ತೋಲೆಯಲ್ಲಿ ತಿಳಿಸುವ ಕಚೇರಿಗಳಿಗೆ ಇದು ಹೆಚ್ಚಾಗಲಾರದು.

ನಮ್ಮ ಶಾಖೆಯ ಆ ಟಿಪ್ಪಣಿಯ ನಾಲ್ಕನೆಯ ಅಂಶವನ್ನು ಈಗ ತಿದ್ದಿದ್ದೇವೆ. ‘ಈ ಸಂದೇಶ ಬಂದರೆ ನಿಲ್ಲಿಸಿ, ಫೋನ್ ಮಾಡಿ, ಗುರುತು ಹೋಲಿಸಿ, ಆ ಒಂದು ಸಾಲನ್ನು ಮಾತ್ರ ತೆಗೆಯಿರಿ, ವಹಿಯಲ್ಲಿ ಬರೆಯಿರಿ.’ ಇದರಿಂದ ಕೆಲಸ ನಿಧಾನವಾಗುತ್ತದೆ ಎಂದು ಗೊಣಗುವವರಿದ್ದಾರೆ. ಕಳೆದ ತಿಂಗಳು ಒಂದು ದಿನ ತಡವೂ ಆಯಿತು. ಆ ತಡಕ್ಕೆ ನಾವು ಲಿಖಿತ ವಿವರಣೆ ಕೊಟ್ಟಿದ್ದೇವೆ, ಮುಂದೆಯೂ ಕೊಡುತ್ತೇವೆ. ನಿವೃತ್ತರೊಬ್ಬರ ಖಾತೆಯ ವಿವರ ಹೇಗೆ ಬಯಲಾಯಿತೆಂದು ವಿವರಣೆ ಕೊಡುವ ದಿನ ಬರುವುದಕ್ಕಿಂತ ಇದೇ ಲೇಸು.